ಹಾಡುವವಳಿಗೆ ಶೇವಳದ ಪಲ್ಯ

ಆ ಭಾನುವಾರ ಬೆಳಿಗ್ಗೆ ನಮ್ಮ ಕನ್ನಡ ಸಂಘದ ಅಡುಗೆಮನೆಯಲ್ಲಿ ಇದ್ದವರು ಇಬ್ಬರೇ: ರೊಟ್ಟಿ ಬಡಿಯುತ್ತಿದ್ದ ಇಂದಕ್ಕ, ಮತ್ತು ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕುಳಿತು ನನ್ನದೇ ಗಂಟಲಿನ ಸಮಾಚಾರವನ್ನು ಆಲಿಸುತ್ತಿದ್ದ ನಾನು. ಒಲೆಯ ಪಕ್ಕದ ಬೋಗುಣಿಯಲ್ಲಿ ಎಂಬತ್ತು ಮಂದಿಗೆ ಒಂದೊಂದು ಚಮಚ ಬರುವಷ್ಟು ಶೇವಳದ ಪಲ್ಯವಿತ್ತು. ಅದನ್ನು ಮೂರನೆಯವರೆಂದು ಎಣಿಸಿದರೂ ತಪ್ಪಿಲ್ಲ; ಆ ಹೊತ್ತಿನಲ್ಲಿ ನಮ್ಮಿಬ್ಬರಿಗಿಂತ ಹೆಚ್ಚಿನ ಅಧಿಕಾರ ಅದರ ಕೈಯಲ್ಲಿತ್ತು.

ಗಂಟಲೆಂಬ ಅವಯವದ ಸ್ವಭಾವವೇ ವಿಚಿತ್ರ. ನೆಟ್ಟಗಿರುವಾಗ ಅದು ಇದೆಯೆಂಬುದೇ ನಮಗೆ ನೆನಪಿರುವುದಿಲ್ಲ. ಒಮ್ಮೆ ಅದರ ಕಡೆ ಲಕ್ಷ್ಯ ಹರಿಯಿತೋ, ಆಮೇಲೆ ದೇಹದಲ್ಲಿ ಗಂಟಲನ್ನು ಬಿಟ್ಟು ಬೇರೇನೂ ಉಳಿಯುವುದಿಲ್ಲ. ನೀವೂ ಬೇಕಾದರೆ ಈಗಲೇ ಒಮ್ಮೆ ಉಗುಳು ನುಂಗಿ ನೋಡಿ. ಏನೋ ಸಿಕ್ಕಂತಾಯಿತಲ್ಲವೇ?

ನಾನು ಧಾರವಾಡ ಬಿಟ್ಟು ಮರಾಠಿ ಸೀಮೆ ಸೇರಿದ ಬ್ಯಾಂಕಿನ ಗುಮಾಸ್ತ, ಗುಡ್ಡದ ಬುಡದ ಧನಕವಡಿಯಲ್ಲಿ ಮನೆ. ತೊಂಬತ್ತರ ದಶಕದ ನಡುವೆ ಒಂದು ವರ್ಷ ಸಂಘದ ಮಾಸಪತ್ರಿಕೆಗೆ ಊಟದ ಅಂಕಣ ಬರೆಯುವ ಉಮೇದು ನನ್ನನ್ನು ಹೊಕ್ಕಿತು. ಅಂಗಡಿಯಲ್ಲಿ ಸಿಗುವುದನ್ನು ಬರೆದರೆ ಯಾರು ಓದುತ್ತಾರೆಂದು ಕಾತ್ರಜ ಗುಡ್ಡದ ಸೊಪ್ಪುಸದೆಗಳ ಬೆನ್ನು ಹತ್ತಿದೆ. ಬೇಸಿಗೆಯಲ್ಲಿ ಕವಳಿಹಣ್ಣಿನ ಮುಳ್ಳಿಗೆ ಎರಡು ಅಂಗಿಗಳನ್ನು ಸಮರ್ಪಿಸಿದೆ. ಚಳಿಗಾಲದಲ್ಲಿ ಜೋಳದ ಅಂಬಲಿಯನ್ನು ಹುಳಿ ಬರಿಸಲೆಂದು ಗಾಜಿನ ಬರಣಿಯಲ್ಲಿಟ್ಟು, ಜ್ಞಾನಕ್ಕಿಂತ ಉತ್ಸಾಹವೇ ಹೆಚ್ಚಾಗಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿಬಿಟ್ಟಿದ್ದೆ. ಮೂರನೆಯ ದಿನ ಮುಚ್ಚಳ ಮಾಳಿಗೆಗೆ ಹಾರಿತು. ಅಂಬಲಿ ಗೋಡೆಯ ಮೇಲಿನ ಪಂಚಾಂಗದಲ್ಲಿ ಆ ತಿಂಗಳ ಸಕಲ ತಿಥಿಗಳನ್ನೂ ಆವರಿಸಿತು. ನನ್ನ ಹೆಂಡತಿ ಸುಧಾ ಒದ್ದೆ ಅರಿವೆ ಹಿಡಿದು ನಿಂತು ಇಷ್ಟೇ ಅಂದಳು: "ಏನರ ಬರೀರಿ, ಯಾರ ಬ್ಯಾಡ ಅಂದಾರ. ಮನ್ಯಾಗ ಬಾಂಬ್ ಒಂದು ಇಡಬ್ಯಾಡ್ರಿ."

ಶೇವಳವೆಂದರೆ ಕಾಡು ಸುವರ್ಣಗಡ್ಡೆಯ ಹೂಮೊಗ್ಗು. ಮೊದಲ ಮಳೆ ಬಿದ್ದೊಡನೆ ನೆಲವನ್ನು ಸೀಳಿಕೊಂಡು ಬಂದು ಕೆಲವೇ ದಿನಗಳಲ್ಲಿ ಕಾಣೆಯಾಗುವ ಈ ಪದಾರ್ಥ ರುಚಿಯಲ್ಲಿ ಅದ್ವಿತೀಯ. ಆದರೆ ಒಳಗಿನ ಹಳದಿ ಭಾಗವನ್ನು ಬಿಡಿಸಿ ತೆಗೆಯದಿದ್ದರೆ, ಕಾಕಡವೆಂಬ ಹುಳಿಕಾಯಿಯ ರಸವನ್ನು ಸಾಕಷ್ಟು ತಿಕ್ಕದಿದ್ದರೆ, ತಿಂದವರ ಗಂಟಲನ್ನು ಕೆರೆದು ಕೆರೆದು ಸೇಡು ತೀರಿಸಿಕೊಳ್ಳುತ್ತದೆ. ಅದೂ ತಿಂದ ಕ್ಷಣಕ್ಕಲ್ಲ, ಸ್ವಲ್ಪ ಸಮಾಧಾನದಿಂದ. ಆದ್ದರಿಂದಲೇ ಧಾರವಾಡದ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗುಡ್ಡದಿಂದ ಏನೇ ತಂದರೂ ತಂದವರೇ ಮೊದಲು ಉಣ್ಣಬೇಕು. ಉಂಡು ಅಡುಗೆಮನೆಯಲ್ಲೇ ಕೂಡಬೇಕು. ಅಜ್ಜಿ ಬತ್ತಿ ಹೊಸೆಯುತ್ತ ಅವರ ಮುಖವನ್ನೇ ನೋಡುತ್ತಿದ್ದಳು. ಹೊಸೆಯುವುದು ಮುಗಿದ ಮೇಲಷ್ಟೇ ಉಳಿದವರಿಗೆ ತಾಟು. ಧಾರವಾಡದವರೇ ಆದ ಇಂದಕ್ಕನಿಗೂ ಈ ಶಾಸ್ತ್ರ ಗೊತ್ತಿತ್ತು. ಆ ದಿನದ ಶೇವಳವನ್ನು ಗುಡ್ಡದಿಂದ ತಂದವನು ನಾನೇ ಆದ್ದರಿಂದ, ಒಂದು ಚಮಚ ಪಲ್ಯ ನನ್ನ ಅಂಗೈಗೆ ಹಾಕಿ, "ತಿಂದು ಸುಮ್ನ ಕೂಡು" ಅಂದಿದ್ದರು.

ಕುಳಿತೆ. ಕೆರೆಯತೊಡಗಿತು.

ಆದರೆ ಇಲ್ಲೊಂದು ತೊಡಕಿದೆ. ನನ್ನದು ಪರೀಕ್ಷೆಗೆ ಯೋಗ್ಯವಾದ ಗಂಟಲೇ ಅಲ್ಲ. ಮೆಟ್ರಿಕ್ ಪರೀಕ್ಷೆಯ ಮುಂಜಾನೆ ಅದು ಕೆರೆದಿತ್ತು. ಹೆಣ್ಣು ನೋಡಲು ಹೋದಾಗ ಚಹದ ಬಟ್ಟಲು ಕೈಗೆ ಬರುವ ಮೊದಲೇ ಕೆರೆದಿತ್ತು. ಬ್ಯಾಂಕಿಗೆ ತಪಾಸಣೆಯವರು ಬರುವ ಸುದ್ದಿ ಬಂದರೆ ಸಾಕು, ಇಂದಿಗೂ ಕೆರೆಯುತ್ತದೆ. ಈ ಕೆರೆತ ಪಲ್ಯದ್ದೋ, ಪ್ರಾಣಭೀತಿಯದೋ? ಹೇಗೆ ತಿಳಿಯಬೇಕು? ಹೊರಗೆ ಬಚ್ಚಲಿನ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಂಡೆ. ನಾಲಗೆ, ಹಲ್ಲು, ಹಿಂದೆ ಕತ್ತಲು.

ಮರಳಿ ಬಂದರೆ ನನ್ನ ಡಬ್ಬಿಯ ಮೇಲೆ ವತ್ಸಲಾ ಕುಳಿತಿದ್ದಳು. ಆ ದಿನ ಊಟಕ್ಕೆ ಮೊದಲು ಹಾಡಬೇಕಾಗಿದ್ದ ಹುಡುಗಿ. ತೊಡೆಯ ಮೇಲೆ ತಾಟು, ತಾಟಿನಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಶೇವಳ.

"ಇಂದಕ್ಕ, ಶಾಸ್ತ್ರ ಎಲ್ಲಿ ಹೋತ್ರಿ?" ಎಂದೆ.

"ಹಡಪಸರದಿಂದ ಎರಡು ಬಸ್ ಬದಲಿಸಿ ಉಪಾಸ ಬಂದಾಳ. ಶಾಸ್ತ್ರ ನೋಡ್ಕೋತ ಕೂಡ್ಲೇನು? ಉಣ್ಣವ್ವಾ ನೀ."

ವತ್ಸಲಾ ತುತ್ತು ನುಂಗಿ ಕೇಳಿದಳು: "ಇದ್ರಾಗ ಹುಳಿ ಇಲ್ಲಲ್ರಿ ಅಜ್ಜಿ? ಹಾಡೂ ದಿನ ನಾ ಹುಳಿ ಮುಟ್ಟಂಗಿಲ್ಲ."

"ಹುಣಸೀಹಣ್ಣು ಒಂದು ಎಳೀನೂ ಹಾಕಿಲ್ಲ," ಎಂದರು ಇಂದಕ್ಕ, ಕಾಕಡದ ಹೆಸರೆತ್ತದೆ, ಸತ್ಯವನ್ನು ಕೂದಲೆಳೆಯಷ್ಟೂ ಮೀರದೆ.

ವತ್ಸಲಾ ಇನ್ನೊಂದಿಷ್ಟು ಹಾಕಿಸಿಕೊಂಡಳು. ಉಣ್ಣುತ್ತಲೇ ಹೇಳಿದಳು: ಆರು ವರ್ಷ ಗುರುಗಳ ಹಿಂದೆ ತಂಬೂರಿ ಹಿಡಿದು ಕೂತಿದ್ದಳಂತೆ, ಇವತ್ತೇ ಮೊದಲ ಬಾರಿ ಒಬ್ಬಳೇ ಹಾಡುವುದು. "ಗುರುಗೋಳು ಕೇಳಾಕ ಬರ್ತಾರ್ರಿ ಕಾಕಾ. ಇವತ್ತು ನೆಟ್ಟಗಾದ್ರ ಮುಂದಿನ ತಿಂಗಳ ಸೊಲ್ಲಾಪುರಕ್ಕ ನನ್ನೊಬ್ಬಾಕಿನ್ನ ಕಳಸ್ತಾರಂತ. ಇಲ್ಲಾಂದ್ರ ಮತ್ತ ತಂಬೂರಿನ."

ನನ್ನ ಸ್ಥಿತಿಯನ್ನು ನೀವು ಊಹಿಸಬಲ್ಲಿರಿ. ಹೇಳಿದರೆ, ಕೆರೆಯದ ಗಂಟಲೂ ಭಯದಿಂದ ಕೆರೆದೀತು. ಈ ವಿದ್ಯೆಯಲ್ಲಿ ನಾನೇ ಪಾರಂಗತ. ಹೇಳದಿದ್ದರೆ, ತಾರಷಡ್ಜದ ಹೊಸ್ತಿಲಲ್ಲಿ ಶೇವಳ ಅವಳ ಕೊರಳು ಹಿಡಿದೀತು. ಕೆರೆತಕ್ಕೆ ಮದ್ದು ಹುಳಿ. ಒಂದು ಲೋಟ ಅಮಸೋಲದ ಸಾರು ಕುಡಿಸಿದರೆ ಮುಗಿಯಿತು. ಅದನ್ನೋ ಅವಳು ಮುಟ್ಟಳು. ಆರು ವರ್ಷದ ತಪಸ್ಸು ನನ್ನ ಅಂಕಣದ ಚಪಲಕ್ಕೆ ಸಿಕ್ಕಿ ಒಂದು ಚಮಚ ಪಲ್ಯದ ಮೇಲೆ ನಿಂತಿತ್ತು. ನಾನು ಮಾಡಿದ್ದಿಷ್ಟೇ: ಸುಮ್ಮನೆ ಒಂದು ಲೋಟ ಬಿಸಿನೀರು ಕೊಟ್ಟೆ, ಬೋಗುಣಿಯ ಮೇಲೆ ಮುಚ್ಚಳವಿಟ್ಟು, "ನಾ ಹೇಳೂತನಕ ಬಡಸಬ್ಯಾಡ್ರಿ" ಎಂದು ಇಂದಕ್ಕನಿಗೆ ಹೇಳಿ, ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆ.

ತೋಡಿ ಹಾಡಿದಳಂತೆ. ಬಹಳ ಚೆನ್ನಾಗಿ ಹಾಡಿದಳಂತೆ. ಆ ಸಭೆಯಲ್ಲಿ ಸಂಗೀತ ಕೇಳದಿದ್ದವನು ನಾನೊಬ್ಬನೇ. ಉಳಿದವರು ರಾಗದ ಬೆನ್ನಿಗೆ ಹೋದರೆ ನಾನು ಅವಳ ಕೊರಳ ನರದ ಕಾವಲಿಗೆ ನಿಂತಿದ್ದೆ. ವಿಲಂಬಿತದ ನಡುವೆ ಒಮ್ಮೆ ಕೆಮ್ಮಿದಳು. ಗುರುಗಳ ಹುಬ್ಬು ಮೇಲೇರಿತು. ಅವಳು ಒಂದು ಗುಟುಕು ನೀರು ಕುಡಿದಳು, ಸಭೆಯತ್ತ ನೋಡಿದಳು, ನಕ್ಕಳೆಂದು ತೋರಿತು, ಮತ್ತೆ ಎತ್ತಿಕೊಂಡಳು. ಆಮೇಲೆ ತಾನಗಳು ಒಂದರ ಮೇಲೊಂದು ಬಂದವು. ಪ್ರತಿಯೊಂದೂ ಇಳಿದು ನೆಲ ಮುಟ್ಟುವತನಕ ನಾನು ಉಸಿರು ಬಿಡಲಿಲ್ಲ. ಚಪ್ಪಾಳೆಯಾದಾಗ ಅಂಗಿ ಬೆನ್ನಿಗೆ ಅಂಟಿತ್ತು. ಗುರುಗಳು ತಲೆದೂಗಿ, "ಸೊಲ್ಲಾಪುರದವ್ರಿಗೆ ಹೇಳ್ತೀನಿ," ಎಂದಷ್ಟೇ ಅಂದರು.

ಅಡುಗೆಮನೆಗೆ ಬಂದವಳಿಗೆ ಎಲ್ಲವನ್ನೂ ಹೇಳಿದೆ. ಈಗಲಾದರೂ ಸತ್ಯ ತಿಳಿಯಲಿ, ಕೆರೆಯದಿದ್ದರೆ ಎಂಬತ್ತು ಮಂದಿಗೆ ಬಡಿಸೋಣವೆಂಬ ಆಸೆ.

"ಕೆರೀಲಿಲ್ಲಲ್ಲ?"

"ಕೆರೀತ್ರಿ," ಎಂದಳು. "ಮುಂಜಾನೆ ಹಾಸಿಗಿ ಬಿಟ್ಟ ಕೂಡ್ಲೆ ಸುರು ಆತು. ಹಾಡೂ ದಿನ ಯಾವಾಗ್ಲೂ ಹಿಂಗ."

"ಅಂದ್ರ ಪಲ್ಯಾದ್ದಲ್ಲ?"

"ಅದೂ ಸೇರಿತ್ತೋ ಏನೋ. ಯಾರಿಗ್ ಗೊತ್ತ್ರಿ."

ಇಂದಕ್ಕ ಸೊಂಟದ ಮೇಲೆ ಕೈಯಿಟ್ಟು ನಮ್ಮಿಬ್ಬರನ್ನೂ ನೋಡಿದರು. "ಛಲೋ ಸಾಕ್ಷಿ ಸಿಕ್ಕೀರಿ ಇಬ್ರೂ. ಮಂದಿ ತಾಟ ಹಿಡಕೊಂಡು ನಿಂತಾರ." ಮುಚ್ಚಳ ತೆಗೆದು, ಮುಟಿಗೆಯಷ್ಟು ಪಲ್ಯ ಬಾಯಿಗೆ ಹಾಕಿಕೊಂಡು, ಗೋಡೆ ನೋಡುತ್ತ ನಿಧಾನವಾಗಿ ಅಗಿದರು. ನಾನು ಅವರ ಮುಖ ನೋಡಿದೆ. ಅವರು ಉಳಿದ ಎರಡು ರೊಟ್ಟಿಯನ್ನೂ ಬಡಿದು ಬೇಯಿಸಿ ಇಳಿಸಿದರು. ಆಮೇಲೆ ನುಡಿದರು: "ಉಪ್ಪು ಕಡಿಮಿ ಆಗೇದ." ಒಂದು ಚಿಟಿಕೆ ಉಪ್ಪು ಹಾಕಿ, ಬೋಗುಣಿ ಎತ್ತಿಕೊಂಡು ಪಂಕ್ತಿಗೆ ನಡೆದೇಬಿಟ್ಟರು.

ಉಣಿಸುವವನ ಪಾಡು ಇಷ್ಟೇ ಎಂದು ಅಂದು ನನಗನ್ನಿಸಿತು. ತುತ್ತು ನಮ್ಮ ಕೈ ಬಿಟ್ಟ ಮೇಲೆ ನಮ್ಮ ಜೀವವೂ ಅದರ ಸಂಗಡ ಪರರ ಗಂಟಲಿನಲ್ಲಿ ಇಳಿಯುತ್ತದೆ. ಅಲ್ಲಿ ಏನು ನಡೆಯಿತೆಂದು ಖಚಿತವಾಗಿ ಯಾರೂ ಹೇಳರು, ಸ್ವತಃ ಆ ಗಂಟಲಿನವರೂ. ಎಂಬತ್ತು ಕೊರಳುಗಳು ಏರಿಳಿಯುವುದನ್ನು ಕಂಬಕ್ಕೆ ಒರಗಿ ನೋಡಿದೆ. ಶೇವಳ ಕೆರೆಯಿತೆಂದು ಒಬ್ಬರೂ ದೂರಲಿಲ್ಲ. ಎಂದಿನಂತೆ ಬದನೆಕಾಯಿಯನ್ನು ಹೊಗಳಿದರು.

ಹೊರಡುವಾಗ ವತ್ಸಲಾ ಚಪ್ಪಲಿ ಮೆಟ್ಟುತ್ತ ನಿಂತಳು. "ಕಾಕಾ, ಕೆಮ್ಮು ಬಂದಾಗ ಮುಗೀತು ಅನಿಸಿತ್ರಿ. ಕಣ್ಣೆತ್ತಿದ್ರ ಮುಂದ ನೀವು. ಎರಡೂ ಕೈಲೆ ಕುತ್ತಿಗಿ ಹಿಡಕೊಂಡು ಕೂತಿದ್ರಿ, ನನಗಿಂತ ಅಂಜಿದ ಮಾರಿ ಮಾಡ್ಕೊಂಡು. ನೋಡಿ ನಗಿ ಬಂತು. ಅಂಜಿಕಿ ಹೋತು." ಸ್ವಲ್ಪ ತಡೆದು ಕೇಳಿದಳು: "ಸೊಲ್ಲಾಪುರಕ್ಕ ಬರ್ತೀರೇನ್ರಿ? ಅಡಗಿ ಏನೂ ಮಾಡಬ್ಯಾಡ್ರಿ. ಮುಂದಿನ ಸಾಲಿನ್ಯಾಗ ಕೂತ್ರ ಸಾಕು."

ಮುಂದಿನ ತಿಂಗಳು ಬ್ಯಾಂಕಿಗೆ ರಜೆ ಹಾಕಿ ಸೊಲ್ಲಾಪುರಕ್ಕೆ ಹೋದೆ. ಮುಂದಿನ ಸಾಲಿನಲ್ಲಿ ಕುಳಿತು ಹೆದರಿದೆ. ಅವಳು ಎರಡು ತಾಸು ಹಾಡಿದಳು. ಆಮೇಲೆ ಅಲ್ಲಿಯವರು ಭರ್ಜರಿ ಊಟ ಹಾಕಿದರು. ಊಟಕ್ಕೆ ಏನಿತ್ತೆಂಬುದು ಮಾತ್ರ, ಅಂಕಣಕ್ಕೆಂದು ಸುಧಾ ಎಷ್ಟು ಸಲ ಕೇಳಿದರೂ, ನನಗೆ ನೆನಪಾಗಲಿಲ್ಲ.