ಅಕ್ಕನ ಎದೆಗೆ ತಂಗಿಯ ಅಳತೆ

ಅಕ್ಕ ಮೈಯ ಅಳತೆ ತೆಗೆದರೆ ತಂಗಿ ಎದೆಯೊಳಗಿನ ಅಳತೆ ತೆಗೆಯುತ್ತಾಳೆ, ಆ ಮನೆಗೆ ಹೋದವರು ಅಳತೆ ಕೊಡದೆ ವಾಪಸು ಬರುವ ಹಾಗಿಲ್ಲ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಮಾತು ಸುಳ್ಳೇನಲ್ಲ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರ ತುಳಿದು ತುಳಿದೇ ತಂಗಿಯನ್ನು ಓದಿಸಿದ್ದಳು. ತಂಗಿ ಆಸ್ಪತ್ರೆಯ ಎಕೋ ಕೋಣೆ ಸೇರಿ, ಬಂದವರನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಸವರಿ, ಅವರ ಹೃದಯ ಪರದೆಯ ಮೇಲೆ ಬಡಿದುಕೊಳ್ಳುವುದನ್ನು ನೋಡುತ್ತ ಮೂವತ್ತೊಂದು ವರ್ಷ ಸವೆಸಿದ್ದಳು. ಇಬ್ಬರೂ ಮದುವೆಯ ಗೋಜಿಗೆ ಹೋಗಲಿಲ್ಲ. ಯಾಕೆಂದು ಕೇಳಿದವರಿಗೆ ಅಕ್ಕ, ಪುರುಸೊತ್ತಾಗಲಿಲ್ಲ ಎಂದು ನೂಲು ಕಚ್ಚಿ ಹರಿಯುತ್ತ ಹೇಳಿಬಿಡುತ್ತಿದ್ದಳು.

ಅರವತ್ತೆಂಟಕ್ಕೆ ಬಂದಾಗ ಅಕ್ಕನಿಗೆ ಮೆಟ್ಟಿಲು ವೈರಿಯಾಯಿತು. ಮೊದಮೊದಲು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತಳು. ಆಮೇಲೆ ಎರಡನೇ ಮಹಡಿಯ ಹೆಂಗಸಿನ ಜೊತೆ ಇಲ್ಲದ ಮಾತು ತೆಗೆದು ನಿಂತಳು. ಕೊನೆಗೆ ನೆಪಗಳೂ ಮುಗಿದು, ಗೋಡೆಗೆ ಕೈಕೊಟ್ಟು ಸುಮ್ಮನೆ ಏದುಸಿರು ಬಿಡುತ್ತ ನಿಲ್ಲತೊಡಗಿದಳು. ನೆಲಮಹಡಿಯಲ್ಲಿ, ಮೆಟ್ಟಿಲಿಲ್ಲದ ಮನೆ ಹಿಡಿಯೋಣವೆಂದರೆ ಬಿಲ್‌ಕುಲ್ ಒಪ್ಪಳು. ಈ ಕಿಟಕಿಯ ಬೆಳಕು ಬಿಟ್ಟರೆ ಬೇರೆಲ್ಲೂ ತನ್ನ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ ಎಂಬುದು ಅವಳ ಹಟ. ಅವಳನ್ನು ಆ ಕಿಟಕಿಯಿಂದ ಎಬ್ಬಿಸುವುದು ತಂಗಿಗೂ ಬೇಡವಾಗಿತ್ತು.

ಒಂದು ಮಧ್ಯಾಹ್ನ, ರೋಗಿಗಳೆಲ್ಲ ಹೋದ ಮೇಲೆ, ತಂಗಿ ಅಕ್ಕನನ್ನು ಎಕೋ ಮಂಚದ ಮೇಲೆ ಮಲಗಿಸಿದಳು. ಏನಾದರೊಂದು ಕಾಯಿಲೆ ಸಿಗಲಿ ಎಂದು ಒಳಗೊಳಗೇ ಬೇಡಿಕೊಂಡಳು. ಕಾಯಿಲೆಗಾದರೆ ಮಾತ್ರೆಯುಂಟು, ಮಾತ್ರೆ ನುಂಗಿಸಿ ಮನೆ ಉಳಿಸಿಕೊಳ್ಳಬಹುದು.

ಹೃದಯ ರಕ್ತವನ್ನು ಹಿಂಡುವುದು ಚೆನ್ನಾಗಿಯೇ ಇತ್ತು. ಹಿಂಡಿದ ಮೇಲೆ ಅದರ ಸ್ನಾಯು ಸಡಿಲಗೊಳ್ಳುವ ವೇಗ ಮಾತ್ರ ಸೆಕೆಂಡಿಗೆ ಏಳೇ ಸೆಂಟಿಮೀಟರು. ತಂಗಿಯದು ಹದಿನಾಲ್ಕು. ಹೊಸ ಯಂತ್ರ ಬಂದಾಗಲೆಲ್ಲ ಮೊದಲು ತಾನೇ ಮಲಗಿ, ಜೊತೆಯವರಿಂದ ಅಳೆಸಿಕೊಂಡು, ಹದಿನಾಲ್ಕು ಬಂದರೆ ಯಂತ್ರ ಸರಿಯಿದೆ ಎನ್ನುವುದು ಅವಳ ಹಳೆಯ ರೂಢಿ. ಉಳಿದವರಿಗಾದರೆ ವಯಸ್ಸು ತುಂಬಿಸಿದ ಕೂಡಲೇ ಆ ವಯಸ್ಸಿಗೆ ಎಷ್ಟಿರಬೇಕೆಂದು ಯಂತ್ರವೇ ತೋರಿಸುತ್ತಿತ್ತು. ಅಕ್ಕ ಚೀಟಿ ಮಾಡಿಸದೆ ಬಂದವಳು. ಅವಳ ಹೆಸರು, ವಯಸ್ಸು ಯಾವುದನ್ನೂ ತುಂಬಿಸಿರಲಿಲ್ಲ. ಹದಿನಾಲ್ಕರ ಅರ್ಧ ಬಂದಿದೆಯೆಂದರೆ ಕಾಯಿಲೆಯೇ ಎಂದು ತಂಗಿ ತೀರ್ಮಾನಿಸಿದಳು. ಅಕ್ಕ ಅಂದು ಸಂಜೆ ಮೆಟ್ಟಿಲ ಮೇಲೆ ಸಿಕ್ಕಸಿಕ್ಕವರಿಗೆಲ್ಲ, ತನಗೂ ಒಂದು ಕಾಯಿಲೆ ಬಂದಿದೆಯೆಂದು ಜಂಬದಿಂದಲೇ ಹೇಳಿಕೊಂಡಳು.

ಮರುದಿನ ಹೃದಯದ ಡಾಕ್ಟರಮ್ಮ ಚಿತ್ರಗಳನ್ನು ತಿರುಗಿಸಿ ನೋಡಿ, ಕಾಯಿಲೆ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದಳು. ತಂಗಿ ತನ್ನ ಹದಿನಾಲ್ಕನ್ನು ಹೇಳಿದಳು.

"ಆ ಹದಿನಾಲ್ಕು ಯಾವ ಕಾಲದ್ದು ಮೇಡಂ?"

ತಂಗಿ ನೆನಪು ಮಾಡಿಕೊಂಡಳು. ಕೊನೆಯ ಸಲ ತಾನು ಮಲಗಿ ಅಳೆಸಿಕೊಂಡಾಗ ಅವಳಿಗೆ ಮೂವತ್ತನಾಲ್ಕು. ಆಮೇಲೆ ಬಂದ ಯಂತ್ರಗಳಿಗೆಲ್ಲ, ಕೆಲಸದ ಗಡಿಬಿಡಿಯಲ್ಲಿ, ಹೊಸದಾಗಿ ಸೇರಿದ ಹುಡುಗಿಯರೇ ಮಲಗಿದ್ದರು. ಡಾಕ್ಟರಮ್ಮ ಅವಳನ್ನು ಅಲ್ಲೇ ಮಲಗಿಸಿ ತಾನೇ ಅಳೆದಳು. ಎಂಟು ಬಂತು.

"ನಿಮಗೆ ಐವತ್ತೆಂಟು, ಅವರಿಗೆ ಅರವತ್ತೆಂಟು. ಎರಡೂ ವಯಸ್ಸಿಗೆ ಸರಿಯಾಗೇ ಇವೆ," ಎಂದಳು.

ಶ್ವಾಸಕೋಶ, ರಕ್ತ ಎಲ್ಲ ನೋಡಿಸಿದ್ದಾಯಿತು. ಎಲ್ಲೂ ಏನೂ ಸಿಗಲಿಲ್ಲ. ಮೆಟ್ಟಿಲು ಕಡಿಮೆ ಮಾಡಿ, ಬಯಲಲ್ಲಿ ದಿನಾ ನಡೆಸಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದಳು. ಮನೆಗೆ ಬಂದ ತಂಗಿ ಚಪ್ಪಲಿಯನ್ನೂ ಬಿಡದೆ ಬಾಗಿಲ ಬಳಿ ಕೂತಳು.

"ಹಿಂಡೋದು ಚೆನ್ನಾಗಿದೆ ಅಕ್ಕ. ಹಿಂಡಿದ್ಮೇಲೆ ಸಡಿಲ ಆಗೋದು ನಿಧಾನ."

"ಅಂದ್ರೆ ದುಡಿಯೋಕೆ ಸುಸ್ತಿಲ್ಲ, ಸುಧಾರಿಸ್ಕೊಳ್ಳೋಕೆ ಸುಸ್ತು."

"ಹಾಗೇ ಅನ್ಕೋ."

"ಮಾತ್ರೆ?"

"ಇದಕ್ಕೆ ಮಾತ್ರೆ ಇಲ್ಲ. ವಯಸ್ಸು ಅಷ್ಟೇ."

ಅಕ್ಕ ಹೊಲಿಗೆ ಯಂತ್ರದ ಚಕ್ರಕ್ಕೆ ಕೈಯೊತ್ತಿ ನಿಲ್ಲಿಸಿದಳು. ಜಗಳಕ್ಕೆ ತಯಾರಾಗುತ್ತಾಳೆಂದು ತಂಗಿ ಕಾದಳು.

"ನಿಂದೆಷ್ಟು ಬಂತು?"

"ಎಂಟು."

"ನಂಗಿಂತ ಒಂದೇ ಜಾಸ್ತಿ." ಅಕ್ಕ ಸೂಜಿಯಡಿಯ ಬಟ್ಟೆಯನ್ನು ತೆಗೆದು ಮಡಚಿಟ್ಟಳು. "ಕೆಳಗೆ ಮನೆ ನೋಡೇ. ನಾನು ಹೇಗೋ ಏಗ್ತಿದ್ದೆ. ನೀನು ಗೋಡೆ ಹಿಡ್ಕೊಂಡು ನಿಲ್ಲೋದನ್ನ ನಾನು ನೋಡಲಾರೆ."

ಸಿಕ್ಕ ಮನೆಯ ಕಿಟಕಿಗೆ ಎದುರು ಕಟ್ಟಡದ ಗೋಡೆ ಅಡ್ಡವಿತ್ತು. ನೋಡಿ ಬಂದ ಅಕ್ಕ, ದೀಪ ಹಾಕಿಕೊಂಡರಾಯಿತು ಎಂದಷ್ಟೇ ಅಂದಳು.

ಹೊರಡುವ ದಿನ ಸಾಮಾನೆಲ್ಲ ಗಾಡಿಯಲ್ಲಿ ಮುಂದೆ ಹೋಯಿತು. ಬರಿದಾದ ಕೋಣೆಯನ್ನು ಅಕ್ಕ ಯಾರಿಗೂ ಬಿಡದೆ ತಾನೇ ಗುಡಿಸಿದಳು. ಹಾಸುಗಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಎರಡು ಗುಂಡುಪಿನ್ನುಗಳನ್ನು ಉಗುರಿನಿಂದ ಮೀಟಿ ತೆಗೆದು ಸೆರಗಿನ ಅಂಚಿಗೆ ಚುಚ್ಚಿಕೊಂಡಳು. ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿ, "ನಡಿ," ಎಂದಳು. ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಡುತ್ತ ಅವಳು ಮುಂದೆ ಇಳಿದಳು. ತಂಗಿ ಬಾಗಿಲೆಳೆದುಕೊಂಡು, ಅವಳ ನಡಿಗೆಗೆ ತನ್ನ ನಡಿಗೆ ನಿಧಾನಿಸಿ, ಹಿಂದಿನಿಂದ ಇಳಿದಳು.