ಶಾರದಕ್ಕನ ತೊಟ್ಟಿಲ ಕೊಂಡಿಗಳು

ಕೊಟ್ಟೂರಿನ ನಮ್ಮ ಓಣಿಯ ಟೈಲರ್ ಶಾರದಕ್ಕನ ಕೊರಳಲ್ಲಿ ಸದಾ ಅಳತೆಪಟ್ಟಿ ಇರುತ್ತಿತ್ತು. ಅದನ್ನವಳು ಬಳಸಿದ್ದನ್ನು ಮಾತ್ರ ನಾನು ನೋಡಿಲ್ಲ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ದಿಟ್ಟಿಸಿ ಅಳತೆ ಹೇಳಿಬಿಡುತ್ತಿದ್ದಳು. ಪಿಯುಸಿ ಪರೀಕ್ಷೆಗೆ ಮುಂಚೆ ನನಗೆ ಹೇಳಿದ್ದು, "ಎದಿ ಮೂವತ್ತೆರಡು, ಧೈರ್ಯ ಇಪ್ಪತ್ತು. ಒಳಗ ಬಟ್ಟಿ ಬಿಟ್ಟಿರ್ತೀನಿ, ಬೇಕಾದಾಗ ಬಿಚ್ಚಿಕೋ." ಮುಖದಲ್ಲಿ ನಗುವಿರಲಿಲ್ಲ.

ನಲವತ್ತಾರನೇ ವಯಸ್ಸಿಗೆ ಅವಳ ಬಲಭುಜ ಬಿಗಿದುಕೊಂಡಿತು. ಕೈ ಕಿವಿಯಿಂದ ಮೇಲೇಳದು, ಜಡೆ ಹಾಕಿಕೊಳ್ಳಲಾಗದು. ದಿನಾ ಸ್ವಲ್ಪ ಸ್ವಲ್ಪ ಜೋತುಬೀಳಬೇಕೆಂದರು ಹೊಸಪೇಟೆಯ ಡಾಕ್ಟರು. ಶಾರದಕ್ಕ ಮೊಬೈಲಿನಲ್ಲಿ ಹುಡುಕಿ, ಜಿಮ್ನಾಸ್ಟಿಕ್ಸಿನವರು ಹಿಡಿದು ಜೋತಾಡುವ ಎರಡು ಮರದ ರಿಂಗುಗಳನ್ನು ಪಟ್ಟಿ ಸಮೇತ ತರಿಸಿದಳು.

"ಎಲ್ಲಿ ಬೇಕಾದ್ರೂ ಕಟ್ಟಬೌದಂತ. ಪೆಟ್ಟಿಗಿ ಮ್ಯಾಲೆ ಬರದೈತಿ," ಎಂದಳು.

ಅವಳ ಮನೆಯಲ್ಲಿ ಕಟ್ಟಲು ಇದ್ದದ್ದು ಒಂದೇ ಜಾಗ. ಮದುವೆಯ ವರ್ಷ ಅವಳ ಮಾವ ಪಡಸಾಲೆಯ ತೊಲೆಗೆ ಹೊಡೆಸಿದ್ದ ತೊಟ್ಟಿಲ ಕೊಂಡಿಗಳು. ಇಪ್ಪತ್ತೆರಡು ವರ್ಷ ಅವು ಖಾಲಿಯೇ ಇದ್ದವು.

ಕೊಂಡಿಯಿಂದ ಏನೋ ಇಳಿಬಿದ್ದದ್ದನ್ನು ನಮ್ಮ ಕಿಟಕಿಯಿಂದ ಕಂಡ ನಮ್ಮವ್ವ ನೀಲಕ್ಕ, ತೊಟ್ಟಿಲೆಂದೇ ತಿಳಿದು ತಡಮಾಡಲಿಲ್ಲ. ಮರುದಿನವೇ ಓಣಿಯ ನಾಲ್ವರನ್ನು ಕೂಡಿಸಿಕೊಂಡು, ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಉಡಿ ತುಂಬಲು ಹೋದಳು. ಹಿಂದೆ ನಾನೂ ಹೋದೆ. ಶಾರದಕ್ಕ ಏನೂ ಕೇಳದೆ ಸೆರಗೊಡ್ಡಿ ಕೂತು ತುಂಬಿಸಿಕೊಂಡಳು. ಅಕ್ಕಿಯನ್ನು ಡಬ್ಬಿಗೆ ಸುರಿದು ಬಂದು, ಸೊಂಟದ ಮಟ್ಟದಲ್ಲಿದ್ದ ರಿಂಗು ಹಿಡಿದು ಹಿಂದಕ್ಕೆ ವಾಲಿದಳು.

"ನೀಲಕ್ಕ, ನಮ್ಮನಿಗೆ ಬಂದಿದ್ದು ಇದ ನೋಡ್ರಿ. ಖಣ ಚಲೋ ಐತಿ, ವಾಪಸ್ ಕೊಡಂಗಿಲ್ಲ."

ಅವ್ವ ಒಂದು ವಾರ ಆ ಕಿಟಕಿ ತೆರೆಯಲಿಲ್ಲ.

ಶಾರದಕ್ಕ ವಾರಕ್ಕೊಮ್ಮೆ ರಿಂಗಿನ ಪಟ್ಟಿಯನ್ನು ಗಿಡ್ಡ ಮಾಡುತ್ತಿದ್ದಳು. ಕೈ ಮುಟ್ಟಿದಲ್ಲಿ ಗೋಡೆಗೆ ಬಿಳಿ ಚಾಕ್‌ಪೀಸಿನ ಗೆರೆ. ವರ್ಷದ ಮೇಲೆ ಗೆರೆಗಳು ತಲೆ ದಾಟಿದವು, ಪಾದ ನೆಲ ಬಿಟ್ಟಿತು. ತಾನೇ ಜಡೆ ಹಾಕಿಕೊಂಡ ದಿನ ಓಣಿಯಲ್ಲಿ ಕಾರಣವಿಲ್ಲದೆ ಮೂರು ಸಲ ಓಡಾಡಿದಳು.

ಹರಪನಹಳ್ಳಿಗೆ ಮದುವೆಯಾಗಿ ಹೋದ ನಾನು ಬಾಣಂತನಕ್ಕೆ ಬಂದೆ. ಅಷ್ಟರಲ್ಲಿ ನಮ್ಮ ಮನೆಗೆ ಆರ್‌ಸಿಸಿ ಬಿದ್ದು, ತೊಟ್ಟಿಲು ಕಟ್ಟಲು ತೊಲೆಯೇ ಇರಲಿಲ್ಲ. ಅವ್ವ ಕೇಳಲಾರದೆ ಶಾರದಕ್ಕನನ್ನು ಕೇಳಿದಳು. ಅವಳು ರಿಂಗು ಹಿಡಿದು ಒಮ್ಮೆ ಪೂರ್ತಿ ಜೋತುಬಿದ್ದು ಇಳಿದಳು.

"ಅರವತ್ತೆಂಟು ಕಿಲೋ ತಡದೈತಿ. ಕೂಸು ಮೂರು. ಕಟ್ರಿ."

ಹೆಸರಿಟ್ಟ ಮೇಲೂ ತೊಟ್ಟಿಲು ಅಲ್ಲೇ ಉಳಿಯಿತು. ಮಗಳಿಗೆ ಹೊಲಿಗೆ ಯಂತ್ರದ ಸದ್ದಿಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ. ನಿನ್ನ ರಿಂಗು ಎಲ್ಲಿ ಎಂದು ಶಾರದಕ್ಕನನ್ನು ಕೇಳಿದೆ.

"ಹಿತ್ತಲ ಬೇವಿನ ಗಿಡಕ್ಕ ಕಟ್ಟೀನಿ. ಎಲ್ಲಿ ಬೇಕಾದ್ರೂ ಕಟ್ಟಬೌದಂತಲ್ಲ."

ಐದು ತಿಂಗಳು ನಾನು ಅದನ್ನೇ ನಂಬಿದ್ದೆ. ಹೊರಡುವ ದಿನ ತೊಟ್ಟಿಲ ಹಗ್ಗ ಕತ್ತರಿಸಲೆಂದು ಕತ್ತರಿಗಾಗಿ ಹೊಲಿಗೆ ಮೇಜಿನ ಡ್ರಾಯರ್ ಎಳೆದರೆ, ಒಳಗೆ ಬಟ್ಟೆಯ ಜುಂಗು ಮುಚ್ಚಿಕೊಂಡ ರಿಂಗುಗಳು.

"ಬೇವಿನ ಗಿಡ?"

"ಹೋದ ವರ್ಷನ ಕಡಿಸೀನಿ."

ಹಗ್ಗ ಹಿಡಿಯಲು ಅವಳೆತ್ತಿದ ಬಲಗೈ ಕಿವಿಯ ಹತ್ತಿರ ನಿಂತುಬಿಟ್ಟಿತು. ನನಗೆ ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು. "ಯಾಕ ಹೇಳಲಿಲ್ಲ, ಶಾರದಕ್ಕ?"

"ಕೂಸು ಮಲಗಿತ್ತಲ್ಲ," ಎಂದಳು.

ಸ್ಟೂಲು ಹತ್ತಿ ರಿಂಗುಗಳನ್ನು ನಾನೇ ಕಟ್ಟಿದೆ. ಅವಳು ನೀಲಿ ಚಾಕ್‌ಪೀಸು ತೆಗೆದುಕೊಂಡು ಕಿವಿಯ ಮಟ್ಟಕ್ಕೆ ಮೊದಲ ಗೆರೆ ಎಳೆದಳು. "ನಡಿ, ಬಸ್ಸು ಹೋಗತೈತಿ."

ಅದೇ ಕೊನೆಯ ಭೇಟಿ. ದೀಪಾವಳಿಗೆ ಬಟ್ಟೆ ಹೊಲಿಯುತ್ತಿದ್ದವಳು ಎದೆನೋವೆಂದು ಮಲಗಿ ಮತ್ತೆ ಏಳಲಿಲ್ಲ. ನಾನು ಊರಿಗೆ ಬಂದಾಗ ಮನೆಗೆ ಬೀಗವಿತ್ತು. ಮಗಳನ್ನು ಎತ್ತಿಕೊಂಡು ಅವಳ ಕಿಟಕಿಯಿಂದ ಒಳಗೆ ನೋಡಿದೆ. ಗೋಡೆಯಲ್ಲಿ ಒಂಬತ್ತು ನೀಲಿ ಗೆರೆಗಳಿದ್ದವು. ಕೊನೆಯದಕ್ಕೂ ಎಲ್ಲಕ್ಕಿಂತ ಮೇಲಿನ ಬಿಳಿ ಗೆರೆಗೂ ನಡುವೆ ಇನ್ನೂ ನಾಲ್ಕಿಂಚು ಇತ್ತು. ಅಳತೆಪಟ್ಟಿ ಬೇಕಾಗಲಿಲ್ಲ.