ಫಕ್ಕೀರಪ್ಪ ಕಾಕಾನ ನೀರುನಾಯಿ ಲೆಕ್ಕ

ಫಕ್ಕೀರಪ್ಪ ಕಾಕಾನ ಅಂಗಿ ಜೇಬಿನಲ್ಲಿ ಪೆನ್ನು ಇರದಿದ್ದರೂ ಗೇಣುದ್ದದ ಕೆಂಪು ದಾರಗಳ ಒಂದು ಕಟ್ಟು ಇದ್ದೇ ಇರುತ್ತಿತ್ತು. ಮುಗಿದ ಕೆಲಸಕ್ಕೆಲ್ಲ ಅವರು ಒಂದೊಂದು ದಾರ ಕಟ್ಟುತ್ತಿದ್ದರು. ಸಹಿಯಾದ ಅರ್ಜಿಯ ಮೂಲೆಗೆ, ಖಾಲಿಯಾದ ನೀರಿನ ಬಾಟಲಿಯ ಕೊರಳಿಗೆ, ಒಂದು ದಿನ ನನ್ನ ಕಂಪ್ಯೂಟರಿನ ಮೌಸ್ ವೈರಿಗೂ. "ಏನ್ರಿ ಕಾಕಾ, ನನ್ನ ಅಂಗಡಿ ಏನು ಹರಕಿ ಗಿಡ ಆತೇನು?" ಎಂದು ಸಿಡುಕಿದರೆ, "ರೂಢಿ ತಂಗಿ, ಕೈ ಸುಮ್ಮನ ಇರಂಗಿಲ್ಲ" ಎಂದು ಹಲ್ಲು ಬಿಟ್ಟರು. ಮೌಸ್ ವೈರಿನ ಆ ದಾರವನ್ನು ನಾನು ಇವತ್ತಿಗೂ ಬಿಚ್ಚಿಲ್ಲ.

ಆ ರೂಢಿ ಬೀಜದ ಹೊಲದ್ದು. ಕುಪ್ಪೇಲೂರಿನ ಸುತ್ತಮುತ್ತ ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡುವ ಪ್ಲಾಟುಗಳಲ್ಲಿ ಕಾಕಾ ಮೂವತ್ತು ವರ್ಷ ಮೇಲ್ವಿಚಾರಣೆ ಮಾಡಿದವರು. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಅದರ ಕೇಸರ ತೆಗೆಯಬೇಕು, ಮುಂಜಾನೆ ಗಂಡು ಸಾಲಿನ ಹೂವಿನ ಪುಡಿ ಮುಟ್ಟಿಸಬೇಕು, ಮುಟ್ಟಿಸಿದ ಹೂವಿಗೆ ಗುರುತಿನ ದಾರ ಕಟ್ಟಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ದಾರವಿಲ್ಲದ ಕಾಯಿಯನ್ನು ಬೀಜಕ್ಕೆ ಹಿಡಿಯುವುದಿಲ್ಲ. "ನೂಲಿನಂಗ ಸೀರಿ ಅಂದಾಂವ ಹೊಲಾನ ನೋಡಿಲ್ಲ ತಂಗಿ" ಎನ್ನುತ್ತಿದ್ದರು ಕಾಕಾ. "ಕೆಂಪು ಹಣ್ಣಿನ ಹೊಟ್ಟ್ಯಾಗ ಹಳದಿ ಹಣ್ಣು ಮಕ್ಕೊಂಡಿರತೈತಿ. ಮೊಮ್ಮಗನ ಕಾಲಕ್ಕ ಎದ್ದು ಕುಂದರತೈತಿ."

ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಜಾತಿ ಪ್ರಮಾಣಪತ್ರ, ಜಮೀನಿನ ಉತಾರ, ವಿದ್ಯಾರ್ಥಿವೇತನದ ಅರ್ಜಿ, ಇವೇ ನನ್ನ ದಿನದ ಊಟ. ಅಲ್ಲಿಗೆ ಈ ಮನುಷ್ಯ ಮೊದಲ ಸಲ ಬಂದಾಗ ಕೈಯಲ್ಲಿ ನಾಲ್ಕು ಹಾಳೆ ಇದ್ದವು. ಧೋತರ, ಬಿಳಿ ಟೊಪ್ಪಿಗೆ, ಅರವತ್ತರ ಹತ್ತಿರದ ವಯಸ್ಸು. ಜಮೀನಿನ ತಕರಾರು ಇರಬೇಕು ಎಂದುಕೊಂಡು ಹಾಳೆ ಇಸಿದುಕೊಂಡರೆ, ಅದು ಒಂದು ಕಾರ್ಟೂನ್ ಸಿನಿಮಾದ ಬಗ್ಗೆ! ಅದನ್ನು ಇಂಗ್ಲಿಷಿಗೆ ತಿರುಗಿಸಿ ಇಂಟರ್‌ನೆಟ್ಟಿನಲ್ಲಿ ಆ ಸಿನಿಮಾದ ಅಭಿಮಾನಿಗಳ ಗುಂಪಿಗೆ ಹಾಕಬೇಕಂತೆ. ನಾನು ಅವರ ಮುಖ ನೋಡಿದೆ. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕೋರ್ಟಿಗೆ ಬಂದವರ ಹಾಗೆ ಕುಳಿತರು.

ಸಿನಿಮಾದ ಕಥೆ ಇಷ್ಟು. ಹೊಳೆಯ ದಂಡೆಯಲ್ಲಿ ಒಂದು ಮನೆ. ಆ ಮನೆತನದ ಕೆಲವರು ಹರೆಯಕ್ಕೆ ಬಂದಾಗ ನೀರುನಾಯಿಗಳಾಗಿಬಿಡುತ್ತಾರೆ, ಮತ್ತೆ ಮನುಷ್ಯರಾಗುವುದಿಲ್ಲ. ಅಪ್ಪ, ಅಮ್ಮ ಇಬ್ಬರೂ ಹಾಗೆ ಆದವರಲ್ಲ. ಮಗ ಆಗುತ್ತಾನೆ. ಕೊನೆಗೆ ಅವನ ತಂಗಿ ಹೊಳೆಯಲ್ಲಿ ಒಂದು ಕಾಲಿಟ್ಟು ನಿಂತಿರುವಾಗ ಸಿನಿಮಾ ಮುಗಿದುಬಿಡುತ್ತದೆ. ಆ ಹುಡುಗಿ ಏನಾದಳು ಎಂಬುದೇ ಎಲ್ಲರ ತಲೆಬಿಸಿ. ತಾಯಿಯ ಚಿಪ್ಪಿನ ಸರದಲ್ಲಿ ಮಾಯೆ ಇದೆ ಎಂದು ಕೆಲವರು, ಅಜ್ಜಿಯ ಶಾಪ ಎಂದು ಕೆಲವರು. ಒಬ್ಬೊಬ್ಬರದು ಒಂದೊಂದು ಥಿಯರಿ.

"ಸರಾ ಇಲ್ಲ, ಶಾಪಾ ಇಲ್ಲ" ಎಂದರು ಕಾಕಾ. "ಇದು ಬೀಜದ ಮಾತು. ಅಪ್ಪಗ ಕಾಣಂಗಿಲ್ಲ, ಅವ್ವಗ ಕಾಣಂಗಿಲ್ಲ, ಮಗಗ ಕಾಣತೈತಿ ಅಂದ್ರ ಇಬ್ಬರ ಒಳಗೂ ಅರ್ಧರ್ಧ ಮುಚ್ಚಿಗೊಂಡು ಕುಂತಿತ್ತು. ಅವರ ಮನಿ ಗ್ವಾಡಿ ಮ್ಯಾಲಿನ ಫೋಟೋ ನೋಡೀಯೇನು? ಅಪ್ಪನ ಅಜ್ಜೀದೂ ಅವ್ವನ ಅಜ್ಜೀದೂ ಒಂದ ಮುಖ. ಒಂದ ಮನೀ ಬೀಜ ಒಂದರೊಳಗೊಂದು ಕೂಡ್ಯಾವು. ಅಂಥಾ ಜೋಡಿಗೆ ನಾಕು ಸಸಿಯೊಳಗ ಒಂದಕ್ಕ ಬರತೈತಿ. ಅಣ್ಣಗ ಬಂತು. ಮನೀ ಪಾಲಿನ ಒಂದು ಮುಗೀತು. ತಂಗೀಗೆ ಬರಂಗಿಲ್ಲ. ಬರಕೋ."

ಬರೆದುಕೊಂಡೆ. ಬಿ.ಎ. ಪಾಸಾದ ಮೇಲೆ ನನ್ನ ಇಂಗ್ಲಿಷಿಗೆ ಸಿಕ್ಕ ಮೊದಲ ಮರ್ಯಾದೆಯ ಕೆಲಸ ಅದು ಎಂದರೆ ನಗಬೇಡಿ. ಗೋಡೆಯ ಫೋಟೋವನ್ನು ಅಲ್ಲಿಯತನಕ ಯಾರೂ ಗಮನಿಸಿರಲಿಲ್ಲವಂತೆ. ಎಲ್ಲೆಲ್ಲಿಯದೋ ದೇಶದ ಹುಡುಗ ಹುಡುಗಿಯರು ಸಿನಿಮಾ ನಿಲ್ಲಿಸಿ ನಿಲ್ಲಿಸಿ ನೋಡಿ, ಹೌದು ಹೌದು ಎಂದು ಬರೆದರು. ನಮ್ಮ ಕಾಕಾನಿಗೆ 'ಬೀಜದ ಕಾಕಾ' ಎಂಬ ಹೆಸರೂ ಬಿತ್ತು. ಪ್ರತಿ ಸೋಮವಾರ ಕುಪ್ಪೇಲೂರಿನ ಬಸ್ಸಿಗೆ ಬಂದು, ಬೆಂಚಿನ ಮೇಲೆ ಕುಳಿತು, "ಏನಂತಾರ ನಮ್ಮ ಮಂದಿ?" ಎಂದು ಕೇಳುವುದು ಅವರಿಗೆ ಚಟವಾಯಿತು. ನಾನು ಓದಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ನನ್ನ ಬಾಯಿ ಒಳ್ಳೆಯದಲ್ಲ, ಅದು ನನಗೂ ಗೊತ್ತು. ಒಂದು ಸೋಮವಾರ ಅರ್ಜಿ ತುಂಬುವ ಹುಡುಗರ ಗದ್ದಲ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು, ಕಾಕಾ ಮಾತ್ರ ಬಿಡುತ್ತಿಲ್ಲ. "ಕಾಕಾ, ಮಂದಿಗೆ ಖರೇ ಕೆಲಸಾ ಇರತಾವ್ರಿ! ಆ ಹುಡುಗಿ ನೀರುನಾಯಿ ಆದ್ರೆಷ್ಟು, ಬೀದಿನಾಯಿ ಆದ್ರೆಷ್ಟು? ನಿಮಗೇನು ಆಗಬೇಕಾಗೇತಿ?" ಎಂದು ಒದರಿಬಿಟ್ಟೆ. ಹುಡುಗರು ಕಿಸಕ್ಕನೆ ನಕ್ಕರು. ಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಗದ್ದಲ ಕರಗುವವರೆಗೆ ಕುಳಿತೇ ಇದ್ದು, ಆಮೇಲೆ ಹೇಳಿದರು.

ಅವರಿಗೆ ಇಬ್ಬರು ಮಕ್ಕಳು, ಮಂಜು ಮತ್ತು ಕವಿತಾ. ಮಂಜುಗೆ ಹದಿನಾರಕ್ಕೆ ಇರುಳುಗಣ್ಣು ಬಂತು. ಹತ್ತೊಂಬತ್ತಕ್ಕೆ ಹಗಲಿನಲ್ಲೂ ಎದುರಿಗಿನದು ಬಿಟ್ಟು ಅಕ್ಕಪಕ್ಕದ್ದು ಕಾಣದಾಯಿತು. ಈಗ ಅದೂ ಹೋಗಿದೆ. ಹುಬ್ಬಳ್ಳಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಸಂಬಂಧದಲ್ಲಿ ಮದುವೆಯಾಗಿದ್ದೀರಾ ಎಂದು. ಕಾಕಾ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು.

"ಹೊಲದಾಗ ಒಂದ ಮನೀ ಬೀಜಾ ಕೂಡಬಾರದು ಅಂತ ಒಂದೊಂದ ಮೊಗ್ಗಿನ ಕೇಸರಾ ತೆಗಸ್ತಿದ್ದೆ ತಂಗಿ. ಮಂದಿಗೆ ಬೈದು ಬುದ್ಧಿ ಹೇಳತಿದ್ದೆ" ಎಂದರು. "ಮನ್ಯಾಗ ಅಕ್ಕ ಬಂದು, ನನ್ನ ಮಗಳನ್ನ ಬಿಟ್ಟು ಹೊರಗಿನಾಕಿನ್ನ ತಂದ್ರ ನಿನ್ನ ಬಾಗಲಾ ತುಳಿಯಂಗಿಲ್ಲ ಅಂದ್ಲು. ಅಕ್ಕ ತಮ್ಮನ ಸಂಬಂಧಕ್ಕ ಬೆಸಗಿ ಹಾಕಿದಂಗ ಆಗತೈತಿ, ಮನೀ ಹುಡುಗಿ ಮನ್ಯಾಗ ಇರತಾಳ ಅಂತ ಎಲ್ಲಾರೂ ಅಂದ್ರು. ನಾನೂ ಅಂದೆ. ಆವತ್ತು ಈ ತಲಿಯಾಗ ಹೊಲಾ ನೆನಪಾಗಲಿಲ್ಲ."

ಆ ಸಿನಿಮಾ ಮಂಜು ತನ್ನ ಕಣ್ಣಿನಿಂದ ಪೂರ್ತಿ ನೋಡಿದ ಕೊನೆಯ ಸಿನಿಮಾ. ಮೊಬೈಲನ್ನು ಮೂಗಿಗೆ ಹಿಡಿದು ನೋಡಿದ್ದನಂತೆ. ಪಕ್ಕದಲ್ಲಿ ಕವಿತಾ. ಮುಗಿದ ಮೇಲೆ ಅಣ್ಣ ತಂಗಿ ಇಬ್ಬರೂ ಅಪ್ಪನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: "ಅಪ್ಪಾ, ಆ ಹುಡುಗಿ ಏನಾಕ್ಕಾಳ?" ಕವಿತಾಗೆ ಆಗ ಹದಿನೈದು. ಸೈನ್ಸ್ ಓದಿ ಕೃಷಿ ಕಾಲೇಜಿಗೆ ಹೋಗುವೆ ಎನ್ನುವ ಹುಡುಗಿ.

ನನಗೆ ನನ್ನ ನಾಲಿಗೆಯ ಮೇಲೆ ಹೇಸಿಗೆಯಾಯಿತು. ಆ ವಾರದಿಂದ ಅವರ ಥಿಯರಿಯನ್ನು ಮನಸ್ಸಿಟ್ಟು ಬರೆದೆ. ಅದು ನಿಜವಾಗಲಿ ಎಂದು ಎಲ್ಲಮ್ಮನಿಗೆ ಬೇಡಿಕೊಂಡೆ ಕೂಡ. ಆಗಲೇ ಆ ಗುಂಪಿನಲ್ಲಿ ಯಾರೋ ಒಬ್ಬ ವಿದ್ಯಾರ್ಥಿನಿ ಬರೆದಳು: ಕಾಕಾನ ಲೆಕ್ಕದಲ್ಲಿ ಒಂದು ತಪ್ಪಿದೆ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಎಂಬುದು ಹೊಸದಾಗಿ ಶುರುವಾಗುತ್ತದೆ, ಅಣ್ಣನಿಗೆ ಬಂದದ್ದರಿಂದ ತಂಗಿ ಪಾರಾಗುವುದಿಲ್ಲ. ಸಿನಿಮಾದ ಹುಡುಗಿಯ ಬಗ್ಗೆ ಬರೆದ ಎರಡು ಸಾಲು.

"ಏನಂತಾರ ನಮ್ಮ ಮಂದಿ?" ಎಂದರು ಕಾಕಾ, ಬೆಂಚಿನ ಮೇಲೆ ಕಣ್ಣು ಮುಚ್ಚಿ.

"ಎಲ್ಲಾರೂ ಒಪ್ಯಾರ್ರಿ ಕಾಕಾ. ಹುಡುಗಿ ಪಾರಾದ್ಲು ಅಂತಾರ" ಎಂದೆ.

ಅವರು ಕಣ್ಣು ತೆರೆದರು. ಆಮೇಲೆ ಎದ್ದು ಬಂದು ಜೇಬಿನಿಂದ ದಾರ ತೆಗೆದು ನನ್ನ ಮೌಸ್ ವೈರಿಗೆ ಕಟ್ಟಿದರು. ನಾನು ಹರಕೆಯ ಗಿಡವೆಂದು ಸಿಡುಕಿದ್ದು ಆ ದಿನ. ಏನಾದರೂ ಅನ್ನದಿದ್ದರೆ ಅಳು ಬರುತ್ತಿತ್ತು, ಅದಕ್ಕೇ ಸಿಡುಕಿದೆ.

ಎರಡು ವರ್ಷ ಹಾಗೇ ಹೋದವು. ಮಳೆಗಾಲ ಮುಗಿದ ಮೇಲೆ ರಜೆಯಲ್ಲಿ ಕವಿತಾ ಪ್ಲಾಟಿಗೆ ಕ್ರಾಸಿಂಗ್ ಕೆಲಸಕ್ಕೆ ಹೋದಳು. ಮುಂಜಾನೆ ಕಾಕಾ ಸಾಲು ನೋಡುತ್ತ ಬಂದವರು ಮಗಳ ಸಾಲಿನಲ್ಲಿ ನಿಂತುಬಿಟ್ಟರು. ಗಿಡದ ತುದಿಯಲ್ಲಿ, ಬೆಳಕು ಬೀಳುವ ಕಡೆ, ಪ್ರತಿ ಹೂವಿಗೂ ದಾರ. ಕೆಳಗೆ ಎಲೆಯ ನೆರಳಿನಲ್ಲಿದ್ದ ಮೊಗ್ಗುಗಳು ಒಂದೂ ಬಿಡದೆ ಹಾಗೇ ಉಳಿದಿದ್ದವು. ಬೇರೆ ಹೆಂಗಸರ ಸಾಲಿನಲ್ಲಿ ಹಾಗಿರಲಿಲ್ಲ. ಹಿಂದಿನ ಸಂಜೆ ಮೋಡ ಕವಿದು ಬೇಗ ಮಬ್ಬಾಗಿತ್ತು. ಒಬ್ಬಾಕೆ, "ಮೇಸ್ತ್ರಿ ಮಗಳಿಗೆ ಬಗ್ಗಾಕ ಸೊಂಟ ನೋಯತೈತೇನೋ" ಎಂದು ಹಾಸ್ಯ ಮಾಡಿದಳಂತೆ. ಕಾಕಾ ನಕ್ಕರಂತೆ ಕೂಡ. ಡಾಕ್ಟರು ಹೇಳುವ ಒಂದು ತಿಂಗಳು ಮೊದಲೇ ಆ ಸಾಲಿನಲ್ಲಿ ನಿಂತು ಅವರಿಗೆ ಮಗಳಿಗೂ ಇರುಳುಗಣ್ಣು ಬಂದದ್ದು ತಿಳಿದುಹೋಗಿತ್ತು.

ಸಿನಿಮಾದ ಎರಡನೇ ಭಾಗ ಬಂದದ್ದೂ ಅದೇ ಚಳಿಗಾಲದಲ್ಲಿ. ಹುಡುಗಿ ನೀರುನಾಯಿಯಾಗಲಿಲ್ಲ! ಹೊಳೆಯಿಂದ ಕಾಲು ತೆಗೆದು, ದಂಡೆಯ ಮೇಲೆ ಮನುಷ್ಯಳಾಗಿಯೇ ಉಳಿದಳು. ಮೇಲಾಗಿ ಅವಳ ಅಪ್ಪ ಅಮ್ಮ ಒಂದೇ ಮನೆತನದವರು ಎಂಬುದೂ ಅದರಲ್ಲಿ ಹೊರಬಿತ್ತು. ಗುಂಪಿನಲ್ಲಿ ಜಾತ್ರೆಯೋ ಜಾತ್ರೆ. ಬೀಜದ ಕಾಕಾ ಗೆದ್ದರು, ಕಾಕಾ ಎಲ್ಲಿ, ಕಾಕಾನನ್ನು ಕರೆಯಿರಿ ಎಂದು ನೂರಾರು ಜನ ಬರೆದರು. ಕವಿತಾಳ ಕಣ್ಣಿನ ಸುದ್ದಿಯನ್ನು ಕಾಕಾ ಆಗಲೇ ಹೇಳಿದ್ದರು, ಅದನ್ನಿಟ್ಟುಕೊಂಡು ನಾನು ಓದುತ್ತ ಕುಳಿತಿದ್ದೆ.

ಮುಂದಿನ ಸೋಮವಾರ ಕಾಕಾ ಬಂದರು. ಬೆಂಚಿನ ಮೇಲೆ ಕುಳಿತರು, ಆದರೆ ಏನಂತಾರೆ ಎಂದು ಕೇಳಲಿಲ್ಲ. ನಾನೇ ಹೇಳಿದೆ, ಎಲ್ಲ ಹೇಳಿದೆ, ಆ ವಿದ್ಯಾರ್ಥಿನಿ ಬರೆದು ನಾನು ಮುಚ್ಚಿಟ್ಟ ಎರಡು ಸಾಲನ್ನೂ ಹೇಳಿದೆ. ಬೈಯಲಿ ಎಂದು ಕಾದೆ.

"ಬೀಜಾ ಮೊಳಕಿಗಿಡೋ ತಟ್ಟಿ ಮೂವತ್ತು ವರ್ಷ ಎಣಿಸೇನಿ ತಂಗಿ" ಎಂದರು. "ಒಂದು ತಟ್ಟ್ಯಾಗ ಸಾಲಾಗಿ ನಾಕು ಬೀಜಾ ಸತ್ತಿರತಾವು, ಮತ್ತೊಂದರಾಗ ಒಂದೂ ಸತ್ತಿರಂಗಿಲ್ಲ. ಬೀಜಕ್ಕ ಬಾಜೂದ ಬೀಜದ ಸುದ್ದಿ ಗೊತ್ತಿರಂಗಿಲ್ಲ. ಅದು ನನಗ ಗೊತ್ತಿರಲಿಲ್ಲೇನು? ಆವತ್ತು ನೀ ಅದನ್ನ ಓದಿದ್ದರ ಮನಿಗೆ ಹೆಂಗ ಹೋಗತಿದ್ದೆ ನಾ?"

"ಲಗೂ ತೋರಿಸಿದ್ರ ಏನರ ಆಗತಿತ್ತೇನ್ರಿ?"

"ಏನೂ ಆಗತಿದ್ದಿಲ್ಲಂತ. ಡಾಕ್ಟರಿಗೆ ಎರಡೆರಡು ಸಲ ಕೇಳೇನಿ." ಟೊಪ್ಪಿಗೆ ಹಾಕಿಕೊಂಡು ಎದ್ದರು. "ನಮ್ಮ ಮಂದಿಗೆ ಬರಿ ತಂಗಿ, ಕಾಕಾನ ಥಿಯರಿ ತಪ್ಪು ಐತಿ ಅಂತ."

ಬರೆದೆ. ಗೆದ್ದ ಮೇಲೂ ತಪ್ಪು ಎನ್ನುವ ಈ ಕಾಕಾನ ತಮಾಷೆಗೆ ಗುಂಪಿನವರೆಲ್ಲ ನಕ್ಕರು. ಆಮೇಲಿನ ಸೋಮವಾರಗಳಲ್ಲಿ ಕುಪ್ಪೇಲೂರಿನ ಬಸ್ಸು ಬಂತು, ಹೋಯಿತು. ಕಾಕಾ ಇಳಿಯಲಿಲ್ಲ. ಪ್ಲಾಟಿನ ಕೆಲಸ ಬಿಟ್ಟು ಮಕ್ಕಳನ್ನು ಕರೆದುಕೊಂಡು ಬ್ಯಾಡಗಿಗೆ ಹೋದರೆಂದು ಯಾರೋ ಹೇಳಿದರು.

ಅವರನ್ನು ಕೊನೆಯ ಸಲ ನೋಡಿದ್ದು ಅಲ್ಲಿಯೇ, ಹೋದ ವರ್ಷ. ವರ್ಷದ ಖಾರಪುಡಿಗೆ ಮೆಣಸಿನಕಾಯಿ ತರಲು ಹೋಗಿದ್ದೆ. ಒಂದು ಗೋದಾಮಿನ ಅಂಗಳದಲ್ಲಿ ತೊಟ್ಟು ಬಿಡಿಸುವ ಹೆಂಗಸರ ನಡುವೆ ಬಿಳಿ ಟೊಪ್ಪಿಗೆ ಕಂಡಿತು. ಕಾಕಾನ ಒಂದು ಬದಿಗೆ ಮಂಜು, ಇನ್ನೊಂದು ಬದಿಗೆ ಕವಿತಾ. ಮೂವರ ಮೂಗಿಗೂ ವಸ್ತ್ರ. ಮೆಣಸಿನಕಾಯಿಯ ತೊಟ್ಟಿಗೆ ಕಣ್ಣು ಬೇಕಿಲ್ಲ, ಬೆರಳು ಸಾಕು. "ಕಾಕಾ, ನಾನ್ರಿ, ರಾಣೆಬೆನ್ನೂರಿನಾಕಿ" ಎಂದೆ. ಕವಿತಾಳ ಕಣ್ಣು ನನ್ನ ದನಿ ಬಂದ ಕಡೆಗೆ ತಿರುಗಿತು, ಆದರೆ ನನ್ನ ಮುಖಕ್ಕಿಂತ ಗೇಣು ಈಚೆಗೆ ನಿಂತಿತು.

"ಅಕ್ಕಾರ, ನೀವು ಟೈಪಿಂಗ್ ಅಂಗಡಿಯವರಲ್ಲೇನ್ರಿ? ಆ ಎರಡನೇ ಸಿನಿಮಾ ನೋಡಿರೇನು? ಅಪ್ಪ ನಮಗ ಕಥಿ ಹೇಳ್ಯಾನ. ಆ ಹುಡುಗೀನೂ ನೀರುನಾಯಿ ಆದ್ಲಂತ. ಅಣ್ಣನ ಜೋಡಿ ಹೊಳ್ಯಾಗ ಈಸಕೋತ ಆರಾಮ ಅದಾಳಂತ. ಖರೇ ಏನ್ರಿ?"

ಮಂಜು ಕೈ ನಿಲ್ಲಿಸಿ ಕಿವಿಗೊಟ್ಟ. ಕಾಕಾ ತಲೆ ಎತ್ತಿ ನನ್ನನ್ನು ನೋಡಿದರು. ಖಾರದ ಘಾಟಿಗೆ ಅವರ ಕಣ್ಣು ಕೆಂಪಾಗಿದ್ದವು, ನನ್ನವೂ ಆಗಿದ್ದವು.

"ಖರೇ ಕವಿತಾ" ಎಂದೆ. "ಇಬ್ಬರೂ ಹೊಳ್ಯಾಗ ಅದಾರ."

ಕವಿತಾ ನಕ್ಕು, ಪಕ್ಕಕ್ಕೆ ಕೈ ಚಾಚಿ ಅಪ್ಪನ ತೋಳು ಹುಡುಕಿ ಚಿವುಟಿದಳು. "ನೋಡಪ್ಪಾ, ತಂಗೀಗೆ ಬರಂಗಿಲ್ಲ ಅಂತ ಊರ ತುಂಬ ಸಾರಿದಿ. ನಿನ್ನ ಲೆಕ್ಕ ತಪ್ಪಾತು."

"ಹೂನವ್ವ" ಎಂದರು ಕಾಕಾ, ಒಂದು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ. "ತಪ್ಪಾತು."